ಒತ್ತಿದರೆ ಏಳುವ ಗುಳ

ಬೋಗುಣಿಯಲ್ಲಿದ್ದ ಮಸಿಯನ್ನು ಥರ್ಜಾ ಒಲೆಗೆ ಸುರಿದಳು. ಮಸಿಗೆ ಕಲಸಿದ್ದ ಹಂದಿಕೊಬ್ಬು ಬೆಂಕಿಗೆ ಬಿದ್ದೊಡನೆ ಉರಿ ಭಗ್ಗನೆ ಎದ್ದು, ಮೇಜಿನ ಮೇಲಿಟ್ಟಿದ್ದ ಶವಪೆಟ್ಟಿಗೆಯ ಹಸಿ ಹಲಗೆಗಳ ಮೇಲೆ ಬೆಳಕು ಕುಣಿಯಿತು. ಅವಳು ಬೆಚ್ಚಿ ಹಿಂದೆ ಸರಿದಳು. ಪೆಟ್ಟಿಗೆಯೊಳಗಿನ ಗಂಡ ಎದ್ದು ಕೂತು ಏನೇ ಇದು ಎಂದು ಕೇಳಿದ್ದರೂ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಹಿತ್ತಿಲಲ್ಲಿ ಮಗನ ಬೂಟಿನ ಸದ್ದು ಕೇಳಿದ್ದಕ್ಕೆ ಆಯಿತು.

ಸೈಲಸ್ ಒಳಗೆ ಬಂದು ಖಾಲಿ ಬೋಗುಣಿಯನ್ನು ನೋಡಿದ, ಒಲೆಯನ್ನು ನೋಡಿದ.

"ಎಲ್ಲಿ ಹೋಯ್ತವ್ವ ಮಸಿ?"

"ಒಲೇಲಿ."

"ಈ ಊರಲ್ಲಿ ಮಸಿಗೇನು ಬರಗಾಲವಾ?"

"ನಿಮ್ಮಪ್ಪನ್ನ ಮಣ್ಣು ಮಾಡೋ ದಿನ ಕಣೋ ಇವತ್ತು. ಇವತ್ತೊಂದು ದಿನ ಮುಖ ತೊಳ್ಕೊಂಡಿರು."

"ತೊಳ್ಕೊಂಡೇ ಹೊರ್ತೀನಿ ಅಪ್ಪನ್ನ. ಆಮೇಲಿಂದು ನನಗೆ ಬಿಡು."

ಆಮೇಲಿನದೇ ಅವಳ ಭಯವಾಗಿತ್ತು.

ಅವತ್ತು ನೇಗಿಲ ಸೋಮವಾರ. ಕ್ರಿಸ್‌ಮಸ್ಸಿನ ಬಿಡುವು ಮುಗಿದು, ಮರುದಿನ ಬೆಳಗಾದರೆ ಆ ಜವುಗುಸೀಮೆಯ ಕರಿಮಣ್ಣಿಗೆ ವರ್ಷದಲ್ಲಿ ಮೊದಲ ಸಲ ನೇಗಿಲ ಗುಳ ಇಳಿಯಬೇಕು. ಅದರ ಹಿಂದಿನ ದಿನವಾದ ಈ ಸೋಮವಾರ ಆಳುಗಳು ಮುಖಕ್ಕೆ ಮಸಿ ಬಳಿದುಕೊಂಡು, ಆ ದಿನಕ್ಕೆಂದೇ ಇಟ್ಟ ಒಂದು ನೇಗಿಲಿಗೆ ಕುದುರೆಗಳ ಬದಲು ತಾವೇ ಹಗ್ಗ ಕಟ್ಟಿಕೊಂಡು ಮನೆಯಿಂದ ಮನೆಗೆ ಎಳೆಯುತ್ತಾರೆ. ಕಾಸೋ ಬಿಯರೋ ಕೊಟ್ಟ ಮನೆಗೆ ಜಯಕಾರ. ಬಾಗಿಲು ಮುಚ್ಚಿಕೊಂಡ ಮನೆಗೆ ಹೊಸ್ತಿಲವರೆಗೂ ಉಳುಮೆ. ಮಸಿ ಬಳಿದ ಮುಖಕ್ಕೆ ಹೆಸರಿಲ್ಲ. ವರ್ಷವಿಡೀ ಧಣಿಯ ಮುಂದೆ ಟೋಪಿ ತೆಗೆದು ನಿಲ್ಲುವವರಿಗೆ ಟೋಪಿ ಹಾಕಿಕೊಂಡೇ ನಿಲ್ಲಲು ಸಿಗುವ ಒಂದೇ ದಿನ ಅದು.

ಆದರೆ ಕಾಲ ಬದಲಾಗಿತ್ತು. ಹೋದ ವರ್ಷ ಕಾಲುವೆಯಾಚೆಯ ಊರಿನಲ್ಲಿ ಹೀಗೆ ಹೊಸ್ತಿಲು ಉತ್ತವನೊಬ್ಬನನ್ನು ಪೋಲೀಸರು ಹಿಡಿದರು. ಮಳೆ ಹನಿದು ಅವನ ಒಂದು ಕೆನ್ನೆಯ ಮಸಿ ಕರಗಿತ್ತು, ಅಷ್ಟೆ. ಜೈಲಿಗೆ ಹೋದವನು ಕೆಮ್ಮುತ್ತ ಹೊರಬಂದ, ಹುಲ್ಲು ಕೊಯ್ಯುವ ಕಾಲಕ್ಕೆ ಸತ್ತ. ಥರ್ಜಾ ಅವನ ತಾಯಿಯನ್ನು ಸಂತೆಯಲ್ಲಿ ನೋಡಿದ್ದಳು. ಆ ಹೆಂಗಸು ಈರುಳ್ಳಿಯನ್ನು ಕೈಯಲ್ಲಿ ಹಿಡಿದುಕೊಂಡು, ಅದು ಯಾತಕ್ಕೆಂದು ಮರೆತವಳ ಹಾಗೆ ನಿಂತಿದ್ದಳು.

ಸೈಲಸ್‌ಗೆ ದೊಡ್ಡ ಯುದ್ಧದಿಂದ ಮರಳಿದ ಮೇಲೆ ಯಾರ ಭಯವೂ ಇರಲಿಲ್ಲ. ಅದಕ್ಕೇ ಅವನ ಪಾಲಿನದನ್ನೂ ಇವಳೇ ಹೆದರಬೇಕಾಗಿತ್ತು.

ಅವನು ಅಪ್ಪನ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತು, ಹೊರಗೆ ಹೋದ. ಥರ್ಜಾ ಹಿಂಬಾಗಿಲಿಗೆ ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನೋಡಿದಳು. ಮೂರು ದಿನದಿಂದ ಹಿಮಕ್ಕಾಗಿ ಬೇಡಿಕೊಂಡಿದ್ದಳು. ನೆಲ ಹೆಪ್ಪುಗಟ್ಟಿದ್ದರೆ ಯಾರು ಎಷ್ಟು ಸಿಟ್ಟಾದರೂ ಗುಳ ಇಳಿಯುವುದಿಲ್ಲ.

ಹಿಮ್ಮಡಿ ಮೆತ್ತಗೆ ಒಳಗೆ ಹೋಯಿತು.

*

ಅವಳು ಮೊದಲ ಸಲ ಓಬೆಡ್‌ನನ್ನು ನೋಡಿದ್ದು ಪೆಲ್ ಧಣಿಗಳ ಮನೆಯ ಕಿಟಕಿಯಿಂದ. ಆಗ ಅವಳು ಆ ಮನೆಯಲ್ಲಿ ಪಾತ್ರೆ ತಿಕ್ಕುವ ಹುಡುಗಿ. ಹಳೆಯ ಪೆಲ್ ಧಣಿ ಆ ವರ್ಷ ಏನೂ ಕೊಡುವುದಿಲ್ಲವೆಂದು ಬಾಗಿಲಿಗೆ ಅಗುಳಿ ಹಾಕಿಸಿದ್ದ. ಹೊರಗೆ ಕರಿ ಮುಖಗಳು ಕೂಗುತ್ತಿದ್ದವು. ಕಣ್ಣು ಹಲ್ಲು ಬಿಟ್ಟರೆ ಏನೂ ಕಾಣದ ಮುಖಗಳು. ಮನೆಯ ಚಿಕ್ಕ ಮಗ ಎಡ್ವಿನ್ ಅವಳ ಏಪ್ರನ್ನನ್ನು ಎರಡೂ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ನಮ್ಮನ್ನೂ ಉಳ್ತಾರಾ ಎಂದು ಕೇಳಿದ. ಇಲ್ಲ ಚಿಕ್ಕ ಧಣಿ, ಮಸಿ ಬಳ್ಕೊಂಡ ಮನುಷ್ಯರು ಅಷ್ಟೇ ಅಂದಳು.

ಹಗ್ಗ ಬಿಗಿಯಿತು. ಹಿಂದೆ ನೇಗಿಲ ಹಿಡಿಕೆಗಳಾದ ಎರಡು ಮೇಣಿಗಳನ್ನು ಹಿಡಿದವನು ಹೊಟ್ಟೆಯನ್ನೇ ಅವುಗಳ ಮೇಲೆ ಹಾಕಿ, ಮೈಯ ಭಾರವೆಲ್ಲ ಬಿಟ್ಟು, ಮನೆಯ ಬುಡವನ್ನೇ ಕೀಳುವವನ ಹಾಗೆ ಒತ್ತುತ್ತ ಬಂದ. ಎಡ್ವಿನ್ ಚಿಟ್ಟನೆ ಚೀರಿದ. ಗುಳ ಹೊಸ್ತಿಲ ಕಲ್ಲಿಗೆ ಮೊಳದ ದೂರಕ್ಕೆ ಬಂದಾಗ ಹಳೆಯ ಧಣಿ ಬಿಳಿಚಿಕೊಂಡು ಅಗುಳಿ ತೆಗೆಸಿದ. ಬಿಯರ್ ಬಂತು, ಕಾಸು ಬಂತು, ಜಯಕಾರವೂ ಆಯಿತು.

ಮರುದಿನ ಅವಳ ಕೈಗೆ ಸನಿಕೆ ಕೊಟ್ಟು, ಅಂಗಳದ ಹುಲ್ಲಿನಲ್ಲಿ ಬಿದ್ದ ಉಳುಮೆಯ ಸಾಲನ್ನು ಮುಚ್ಚೆಂದರು. ಹೋಗಿ ನೋಡಿದರೆ ಸಾಲೇ ಇರಲಿಲ್ಲ. ಕೋಳಿ ಕೆದರಿದಷ್ಟು ಗೀರು. ಅವಳು ಉಳುವವನ ಮಗಳು. ಒಂದು ಗಳಿಗೆಯಲ್ಲಿ ಅರ್ಥವಾಯಿತು. ಮೇಣಿ ಎತ್ತಿದರೆ ಗುಳದ ಮೂತಿ ನೆಲಕ್ಕೆ ಇಳಿಯುತ್ತದೆ. ಒತ್ತಿದರೆ ಮೂತಿ ಮೇಲೇಳುತ್ತದೆ. ಎಷ್ಟು ಜೋರಾಗಿ ಒತ್ತಿದರೆ ಅಷ್ಟು ಮೇಲೆ. ಹಗ್ಗ ಎಳೆದ ಅಷ್ಟೂ ಜನಕ್ಕೆ ಇದು ಗೊತ್ತಿತ್ತು. ಗೊತ್ತಿಲ್ಲದವರು ಕಿಟಕಿಯ ಒಳಗಿದ್ದವರು ಮಾತ್ರ. ಅವರ ಹೊಲವೆಲ್ಲ ಉತ್ತಿದ್ದು ಬೇರೆಯವರ ಕೈ. ಅವರು ಮೇಣಿಯನ್ನು ಮುಟ್ಟಿದ್ದವರಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಇಲ್ಲದ ಸಾಲನ್ನು ಬೆಳಗೆಲ್ಲ ಸನಿಕೆಯಿಂದ ಮುಚ್ಚುತ್ತ ನಿಂತಳು. ಕುದುರೆ ಹೊಡೆದುಕೊಂಡು ಆ ದಾರಿಯಲ್ಲಿ ಬಂದ ಓಬೆಡ್ ಅದನ್ನು ನೋಡಿ ನಿಂತ. ಕಿವಿಯ ಹಿಂದೆ ಇನ್ನೂ ಮಸಿ ಉಳಿದಿತ್ತು. "ಆಳವಾಗಿದೆಯಾ?" ಎಂದು ಕೇಳಿದ. "ಹೂತುಹೋಗ್ತೀನೇನೋ ಅಂತ ಭಯವಾಗಿತ್ತು," ಅಂದಳು ಅವಳು. ಮುಂದಿನ ಸುಗ್ಗಿ ಕಳೆದ ಮೇಲೆ ಮದುವೆಯಾದರು.

*

ನೆರೆಮನೆಯ ದೀನಾ ಹಂದಿತೊಡೆ ಬೇಯಿಸಿ ತಂದಳು. ಹೊರುವವರು ಒಬ್ಬೊಬ್ಬರೇ ಬಂದರು. ಎಲ್ಲರೂ ಪೆಲ್ ಧಣಿಯ ಆಳುಗಳೇ, ಎಲ್ಲರ ಮುಖವೂ ಉಜ್ಜಿ ತೊಳೆದು ಕೆಂಪಾಗಿತ್ತು. ಟೋಪಿಗಳನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಸಾಲಾಗಿ ಕುಳಿತರು. ಓಬೆಡ್ ಸತ್ತ ಬಗೆಯನ್ನು ಇನ್ನೊಂದು ಸಲ ಹೇಳಿಕೊಂಡರು. ಗುರುವಾರ ಬೆಳಿಗ್ಗೆ ಲಾಯದಲ್ಲಿ ಹಣೆಯನ್ನು ಬೂದು ಹೆಣ್ಣುಕುದುರೆಯ ಪಕ್ಕೆಗೆ ಆನಿಸಿ ನಿಂತಿದ್ದನಂತೆ. ಅದರ ಹೊಟ್ಟೆಯೊಳಗಿನ ಸದ್ದು ಕೇಳುತ್ತಿದ್ದಾನೆ ಅಂದುಕೊಂಡರಂತೆ. ಕುದುರೆ ಅಲ್ಲಾಡದೆ ನಿಂತಿದ್ದರಿಂದ ಅವನು ಬೀಳುವುದಕ್ಕೂ ಬಹಳ ಹೊತ್ತಾಯಿತಂತೆ.

"ಓಬೆಡಣ್ಣ ಕುದುರೆಗೂ ತೊಂದರೆ ಕೊಟ್ಟೋನಲ್ಲ," ಎಂದ ಒಬ್ಬ.

"ಧಣಿಗೂ ಕೊಟ್ಟೋನಲ್ಲ," ಎಂದ ಬಾಗಿಲಲ್ಲಿ ನಿಂತಿದ್ದ ಸೈಲಸ್. ಅದು ಹೊಗಳಿಕೆಯಾಗಿರಲಿಲ್ಲ.

ಕೊನೆಗೆ ರೂಬೆನ್ ಬಂದ. ಓಬೆಡ್‌ನ ಓರಗೆಯವನು. ನೇಗಿಲ ಸೋಮವಾರದ ತಂಡದಲ್ಲಿ ಹೆಂಗಸಿನ ವೇಷ ಅವನದು. ಪ್ರತಿ ವರ್ಷ ಹೆಂಡತಿಯ ಲಂಗ ತೊಟ್ಟು, ನೇಗಿಲ ಮುಂದೆ ಸೊಂಟ ತಿರುಗಿಸುತ್ತ ಹೋಗುತ್ತಿದ್ದ. ಇವತ್ತು ಕರಿ ಕೋಟನ್ನು ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದ. ದೀನಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ರೂಬೆನಣ್ಣ, ನಿನ್ನ ಕೋಟಿನ ಕೆಳಗೆ ನಿನ್ನ ಹೆಂಡ್ತಿ ಇಣುಕ್ತಾ ಇದಾಳೆ."

ರೂಬೆನ್ ಬಗ್ಗಿ ಕೆಂಪು ಲಂಗದ ಅಂಚನ್ನು ಮೇಲಕ್ಕೆ ತುರುಕಿಕೊಂಡ. "ಅವಳಿಗೆ ಓಬೆಡನ ಮೇಲೆ ಮೊದಲಿಂದ್ಲೂ ಕಣ್ಣು. ಕೊನೇ ಸಲ ನೋಡಕ್ಕೆ ಬಂದವಳೆ."

ಗೋಡೆಗೆ ಕುಳಿತವರೆಲ್ಲ ಟೋಪಿಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಥರ್ಜಾಳೂ ನಗುವುದಕ್ಕೆ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಲಂಗ ತೊಟ್ಟು ಬಂದಿದ್ದಾನೆ ಅಂದರೆ ಹೋಗುವುದು ನಿಶ್ಚಯವಾಗಿದೆ.

ಅವನನ್ನು ಅಡುಗೆಮನೆಗೆ ಕರೆದು ಕೇಳಿದಳು. ರೂಬೆನ್ ನೆಲ ನೋಡಿಕೊಂಡು ಹೇಳಿದ್ದು ಇಷ್ಟು: ನೇಗಿಲು ನಿನ್ನೆಯಿಂದ ಚರ್ಚಿನ ಮೊಗಸಾಲೆಯಲ್ಲಿದೆ. ಪಾದ್ರಿ ಹರಸಿಯಾಗಿದೆ. ಹರಸಿದ ನೇಗಿಲನ್ನು ಎಳೆಯದೆ ಬಿಟ್ಟ ವರ್ಷ ಯಾರಿಗೂ ನೆನಪಿಲ್ಲ. ಮಣ್ಣು ಮಾಡಿ ಮುಗಿಸಿ ಅಲ್ಲಿಂದಲೇ ಹೊರಡುವುದು. ಬೇರೆ ಮನೆಗಳಿಗೆ ನಾಳೆ ಹೋದರೂ ಆದೀತು. ಇವತ್ತು ಪೆಲ್ ಧಣಿಯ ಮನೆಗೆ.

"ಅಲ್ಲಿ ಪೋಲೀಸಿನವನನ್ನ ಕೂರಿಸಿಕೊಂಡಿದಾರಂತೆ," ಎಂದಳು ಥರ್ಜಾ.

"ಗೊತ್ತು."

"ಮೇಣಿ ಯಾರು ಹಿಡಿಯೋದು?"

"ಅಪ್ಪನ ಜಾಗ ಮಗಂದು."

"ಒತ್ತುತಾನಾ, ಎತ್ತುತಾನಾ?"

ರೂಬೆನ್ ಒಂದು ತುಂಡು ಹಂದಿತೊಡೆಯನ್ನು ಎತ್ತಿಕೊಂಡು, ತಿನ್ನದೆ, ಮತ್ತೆ ತಟ್ಟೆಯಲ್ಲಿಟ್ಟ.

*

ಶುಕ್ರವಾರ ಪೆಲ್ ಧಣಿ ಬಂದಿದ್ದ. ಏಪ್ರನ್ ಹಿಡಿದು ಅತ್ತ ಎಡ್ವಿನ್ ಈಗ ಬೊಜ್ಜು ಬೆಳೆದ ದೊಡ್ಡ ಧಣಿ. ಹೊಸ್ತಿಲು ದಾಟಲಿಲ್ಲ, ಟೋಪಿ ತೆಗೆಯಲಿಲ್ಲ. ಓಬೆಡ್ ಇನ್ನೂ ಹಾಸಿಗೆಯ ಮೇಲಿದ್ದ, ಗಲ್ಲಕ್ಕೆ ಬಟ್ಟೆ ಕಟ್ಟಿತ್ತು. ಬರುವ ಶನಿವಾರ ಹೊಸ ಕುದುರೆಯಾಳು ಹೆಂಡತಿ ಮಕ್ಕಳ ಜೊತೆ ಬರುತ್ತಾನೆ, ಅಷ್ಟರಲ್ಲಿ ಮನೆ ಖಾಲಿಯಾಗಬೇಕು ಅಂದ. ಆ ಊರಿನಲ್ಲಿ ಆಳಿಗೆ ಕೊಟ್ಟ ಮನೆಯೆಂದರೆ ಕುದುರೆಗೆ ಕಟ್ಟಿದ ಜೀನಿದ್ದ ಹಾಗೆ. ಕುದುರೆ ಬಿದ್ದರೆ ಬಿಚ್ಚಿ ಇನ್ನೊಂದಕ್ಕೆ ಕಟ್ಟುತ್ತಾರೆ, ಅದಕ್ಕಾಗಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಚಳಿಗಾಲ ಕಳೆಯುವವರೆಗಾದರೂ ಬಿಡಿ ಎಂದು ಅವಳು ಬೇಡಿಕೊಂಡಳು. ಚಿಕ್ಕಂದಿನಲ್ಲಿ ನಿಮ್ಮನ್ನು ಎತ್ತಿ ಆಡಿಸಿದ್ದೇನೆ ಎಂದು ಹೇಳಬಾರದೆಂದುಕೊಂಡಿದ್ದಳು, ಅದನ್ನೂ ಹೇಳಿದಳು.

"ನಿನ್ನ ಗಂಡ ವರ್ಷಾ ವರ್ಷಾ ನಮ್ಮ ಹೊಸ್ತಿಲಿಗೆ ಮೈಭಾರವೆಲ್ಲ ಹಾಕಿ ನೇಗಿಲು ಒತ್ತಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಥರ್ಜಾ," ಎಂದ ಧಣಿ. "ಮುಖಕ್ಕೆ ಮಸಿ ಬಳಿದರೆ ಬೆನ್ನು ಗೊತ್ತಾಗಲ್ಲ ಅಂದ್ಕೊಂಡಿದ್ರಾ? ಅಪ್ಪ ಹೆದರಿಕೊಂಡು ಕೊಡ್ತಿದ್ದ. ನಾನು ಕೊಡಲ್ಲ."

ಬಾಯಿಯ ತುದಿಗೆ ಬಂತು. ಒತ್ತಿದರೆ ಏಳುತ್ತದೆ ಧಣಿ, ಅವನು ನಿಮ್ಮ ಹುಲ್ಲಿನ ಒಂದು ಬೇರನ್ನೂ ಕಡಿಯಲಿಲ್ಲ. ಅಷ್ಟು ಹೇಳಿದ್ದರೆ ಮನೆ ಉಳಿಯುತ್ತಿತ್ತೋ ಏನೋ. ಆದರೆ ಅಷ್ಟು ಹೇಳಿದ ಮೇಲೆ ಯಾವ ಧಣಿಯೂ ಯಾವ ನೇಗಿಲಿಗೂ ಹೆದರುವುದಿಲ್ಲ. ಊರಿನವರ ಕೈಯಲ್ಲಿ ಇದ್ದದ್ದು ಅದೊಂದೇ. ಅವಳು ಬಾಯಿ ಮುಚ್ಚಿಕೊಂಡು, ಗಂಡನ ಗಲ್ಲದ ಬಟ್ಟೆಯನ್ನು ಬಿಗಿ ಮಾಡಿದಳು.

ಧಣಿ ಅಂದ ಈ ಮಾತನ್ನು ಅವಳು ಸೈಲಸ್‌ಗೆ ಹೇಳಬಾರದಿತ್ತು. ಹೇಳಿದಳು.

*

ಪೆಟ್ಟಿಗೆ ಬಾಗಿಲು ದಾಟುವಾಗ ಸೈಲಸ್ ತಲೆಯ ಕಡೆ ಹೆಗಲು ಕೊಟ್ಟಿದ್ದ. ಕುದುರೆಯಾಳು ಸತ್ತರೆ ಅವನ ಕುದುರೆಗಳೇ ಅವನನ್ನು ಎಳೆಯುವುದು ರೂಢಿ. ಧಣಿ ಬಂಡಿ ಕೊಟ್ಟಿರಲಿಲ್ಲ. ಕಾಲುವೆಯ ಏರಿಯ ಮೇಲೆ ನಡೆದೇ ಹೋದರು. ಎರಡೂ ಕಡೆ ಚಪ್ಪಟೆಯಾದ ಕರಿ ಹೊಲ, ಆಕಾಶ ತಲೆಗೆ ತಾಗುವಷ್ಟು ಕೆಳಗೆ. ಥರ್ಜಾ ಹಿಂದೆ ದೀನಾಳ ತೋಳು ಹಿಡಿದು ನಡೆದಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು. ಅವಳು ಮಗನ ಬೂಟು ಒದ್ದೆ ನೆಲದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತಿದೆ ಎಂದು ನೋಡುತ್ತಿದ್ದಳು.

ಲಾಯದ ಹಿಂದೆ ಹಾದುಹೋಗುವಾಗ ಬೂದು ಕುದುರೆ ಒಳಗಿನಿಂದ ಒಂದು ಸಲ ಬಾಗಿಲನ್ನು ಒದ್ದಿತು. ಹೊರುತ್ತಿದ್ದವರು ಹೆಜ್ಜೆ ತಪ್ಪಿ, ಮತ್ತೆ ಸರಿಮಾಡಿಕೊಂಡರು.

ಚರ್ಚಿನಲ್ಲಿ ಪಾದ್ರಿ ಓಬೆಡ್‌ನನ್ನು ವಿಧೇಯ ಸೇವಕ ಎಂದು ಕರೆದ. ಸೈಲಸ್ ಮೂಗಿನಿಂದ ಗಾಳಿ ಬಿಟ್ಟ ಸದ್ದು ಕೊನೆಯ ಬೆಂಚಿನವರೆಗೂ ಕೇಳಿತು.

*

ಯುದ್ಧ ಮುಗಿದು ಮೊದಲ ನೇಗಿಲ ಸೋಮವಾರದ ಸಂಜೆ ಅಪ್ಪ ಮಗ ಜಗಳವಾಡಿದ್ದರು. ಜಗಳವೆಂದರೆ ಸೈಲಸ್ ಒಬ್ಬನೇ ಆಡಿದ್ದು. ಓಬೆಡ್ ಬಿಸಿನೀರಿನ ಬೋಗುಣಿಯ ಮುಂದೆ ಕುಳಿತು ಮುಖ ತೊಳೆಯುತ್ತಿದ್ದ.

"ಇಷ್ಟು ವರ್ಷ ಒತ್ತಿದೆ. ಏನು ಬಂತಪ್ಪ? ಒಂದು ಸಲ ಎತ್ತಿದ್ದಿದ್ರೆ ಧಣಿ ಈ ಮನೆ ಸೂರಾದ್ರೂ ರಿಪೇರಿ ಮಾಡಿಸಿರೋನು."

"ಹೆದರಿಸೋದಕ್ಕೆ ನೇಗಿಲು ಕಂಡರೆ ಸಾಕು," ಎಂದ ಓಬೆಡ್. "ಉಳೋದಕ್ಕೆ ಹೊಲ ಐತೆ."

"ಹೆದರ್ತಿದ್ದೋರು ಅವರಲ್ಲ, ನೀನು."

ಓಬೆಡ್ ಮುಖವನ್ನು ಬಟ್ಟೆಯಿಂದ ಒತ್ತಿಕೊಂಡ. ಬಟ್ಟೆ ತೆಗೆದಾಗ ಮುಖ ಬೆಳ್ಳಗಾಗಿತ್ತು. "ಹೂಂ ಕಣೋ," ಎಂದ. "ನೀನು ಹುಟ್ಟಿದಾಗಿನಿಂದ."

ಅವತ್ತು ಹಾಸಿಗೆಯಲ್ಲಿ ಥರ್ಜಾ ಅವನ ಕೈ ಹಿಡಿದು ನೋಡಿದಳು. ಪ್ರತಿ ವರ್ಷ ಆ ದಿನ ಕಳೆದ ಮೇಲೆ ಅವನ ಕೈ ಹೀಗೇ ನಡುಗುತ್ತಿತ್ತು, ಮರುದಿನ ನಿಜವಾದ ಮೇಣಿ ಹಿಡಿಯುವವರೆಗೂ. ಒಳಗಿದ್ದವರಿಗಿಂತ ಹೊರಗಿದ್ದವನಿಗೇ ಹೆಚ್ಚು ಭಯ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಸೂರು ಸೋರಿದರೆ ಹೇಳಲಿಲ್ಲ, ಕುದುರೆ ಒದ್ದು ಪಕ್ಕೆ ಮುರಿದರೂ ಹೇಳಲಿಲ್ಲ, ಹೇಳಿದರೆ ಮನೆ ಬಿಡಿಸುತ್ತಾರೆಂದು. ವರ್ಷಕ್ಕೊಂದು ದಿನ ಮೈಭಾರವೆಲ್ಲ ಹಾಕಿ ಒತ್ತಿ, ಆ ಹೆದರಿಕೆಯನ್ನು ನೆಲದಿಂದ ಎರಡು ಬೆರಳು ಮೇಲೆ ಎತ್ತಿ ಹಿಡಿದು ಬದುಕಿದವನು ಅವನು. ಬೇರೆ ಧೈರ್ಯ ಅವನಿಗೆ ಸಿಕ್ಕಿರಲಿಲ್ಲ.

*

ಪೆಟ್ಟಿಗೆ ಕೆಳಗಿಳಿಯಿತು. ಗುಂಡಿಯ ತಳದಲ್ಲಿ ನೀರು ಒಸರಿತ್ತು. ಆ ಸೀಮೆಯಲ್ಲಿ ಯಾರನ್ನೂ ಒಣಗಿದ ಮಣ್ಣಿಗೆ ಇಡುವುದಕ್ಕಾಗುವುದಿಲ್ಲ. ಪಾದ್ರಿ ಕೊನೆಯ ಮಾತು ಹೇಳಿ, ಚಳಿಗೆ ಕೈ ಉಜ್ಜಿಕೊಳ್ಳುತ್ತ ಹೊರಟುಹೋದ. ಬಾಗಿ ಒಂದು ಹಿಡಿ ಮಣ್ಣು ಹಾಕುವುದು ಹೆಂಡತಿಯ ಪಾಲು. ಥರ್ಜಾ ಹಾಕಿದಳು, ಅದು ಹಲಗೆಯ ಮೇಲೆ ಬಿದ್ದ ಸದ್ದನ್ನು ಕೇಳಿದಳು. ಮುಗಿಯಿತು ಅಂದುಕೊಂಡಳು. ಮಸಿ ಇಲ್ಲ. ಮಸಿ ಇಲ್ಲದೆ ಯಾರೂ ಹೋಗುವುದಿಲ್ಲ. ಬರಿ ಮುಖದಲ್ಲಿ ಹೋಗುವಷ್ಟು ಹುಚ್ಚರಲ್ಲ ಇವರು.

ಸೈಲಸ್ ಮೊಣಕಾಲೂರಿ, ಗುಂಡಿಯಿಂದ ಎತ್ತಿ ಹಾಕಿದ ರಾಶಿಯಿಂದ ಒಂದು ಹಿಡಿ ಮಣ್ಣು ತೆಗೆದ. ಕೊಳೆತ ಜೊಂಡಿನ ಮಣ್ಣು, ಮಸಿಗಿಂತ ಕಪ್ಪು, ಬೆಣ್ಣೆಯಷ್ಟು ನುಣುಪು. ಅಂಗೈಯಲ್ಲಿ ಹಿಸುಕಿ ಹಣೆಗೆ ಬಳಿದುಕೊಂಡ. ಆಮೇಲೆ ಕೆನ್ನೆಗೆ, ಕುತ್ತಿಗೆಗೆ, ಕಣ್ಣಿನ ರೆಪ್ಪೆಗೆ. ಇನ್ನೊಬ್ಬ ಬಗ್ಗಿದ. ಮತ್ತೊಬ್ಬ. ಹೊತ್ತು ತಂದವರೆಲ್ಲ ಓಬೆಡ್‌ನ ಮಣ್ಣನ್ನು ಕೈತುಂಬ ತೆಗೆದುಕೊಂಡು ಮುಖಕ್ಕೆ ಬಳಿದುಕೊಂಡರು. ರೂಬೆನ್ ಕೋಟು ಬಿಚ್ಚಿ ಒಂದು ಹಳೆಯ ಗೋರಿಕಲ್ಲಿನ ಮೇಲಿಟ್ಟು, ಕೆಂಪು ಲಂಗವನ್ನು ಜಾಡಿಸಿಕೊಂಡ. ಈ ಸಲ ಯಾರೂ ನಗಲಿಲ್ಲ.

ಒಂದು ಗಳಿಗೆಯ ಹಿಂದೆ ಹೆಸರು ಹಿಡಿದು ಕರೆಯಬಹುದಾಗಿದ್ದವರು ಈಗ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಥರ್ಜಾ ಮಗನನ್ನು ಹುಡುಕಿದಳು. ಭುಜದಿಂದ ಗುರುತು ಹಿಡಿದಳು. ತಾನು ಗುರುತು ಹಿಡಿದರೆ ಧಣಿಯೂ ಹಿಡಿಯುತ್ತಾನೆ.

ಮೊಗಸಾಲೆಯಿಂದ ನೇಗಿಲು ಬಂತು. ಹಗ್ಗ ಬಿಗಿಯಿತು.

"ಮನೆಗೆ ಹೋಗೋಣ ಬಾರೇ," ಎಂದಳು ದೀನಾ.

ಥರ್ಜಾ ಅವಳ ಕೈ ಬಿಡಿಸಿಕೊಂಡು ನೇಗಿಲ ಹಿಂದೆ ನಡೆದಳು.

*

ಪೆಲ್ ಧಣಿಯ ಮನೆಯ ಬಾಗಿಲು ಮುಚ್ಚಿತ್ತು. ಬಾಗಿಲ ಮುಂದೆ ಪೋಲೀಸಿನವನು ಕಾಲಗಲಿಸಿ ನಿಂತಿದ್ದ. ಮೇಲಿನ ಕಿಟಕಿಯಲ್ಲಿ ಧಣಿ. ಗೇಟಿನಿಂದ ಹೊಸ್ತಿಲವರೆಗೆ ಹುಲ್ಲಿನ ಅಂಗಳ, ಒದ್ದೆಯಾಗಿ, ಹಸಿರಾಗಿ, ಎಂದೂ ಯಾರೂ ಉಳದದ್ದು. ನೇಗಿಲು ಗೇಟಿನೊಳಗೆ ಬಂದು ನಿಂತಿತು. ಕಾಸು ಹಾಕಿಸಿಕೊಳ್ಳುವ ಡಬ್ಬಿ ಅಲ್ಲಾಡಿಸಿದರು. ಬಾಗಿಲು ತೆರೆಯಲಿಲ್ಲ.

ಪೋಲೀಸಿನವನು ಗಂಟಲು ಸರಿಮಾಡಿಕೊಂಡು, ಮೇಣಿ ಹಿಡಿದವನು ಯಾರು, ಹೆಸರು ಹೇಳಿ ಎಂದ.

ರೂಬೆನ್ ಲಂಗ ಹಿಡಿದು ಮುಂದೆ ಬಂದ. "ನನ್ನ ಮೊದಲನೇ ಗಂಡ ಇರಬೇಕು ಸ್ವಾಮಿ. ಕತ್ತಲೇಲಿ ಮಾತ್ರ ನೋಡಿದೀನಿ."

"ಅವನೇ," ಎಂದ ಧಣಿ ಮೇಲಿನಿಂದ. "ಸೈಲಸ್ ಸೆಚೆಲ್. ನನಗೆ ಗೊತ್ತು."

"ಗೊತ್ತಿದ್ರೆ ಸಾಲದು ಧಣಿ, ಕಾಣಬೇಕು." ಪೋಲೀಸಿನವನು ಅಂಗಳದ ನೀರಿನ ಪಂಪಿನ ಕಡೆ ಕೈ ತೋರಿಸಿದ. "ಹುಲ್ಲಿನ ಮೇಲೆ ಒಂದು ಸಾಲು ಬೀಳಲಿ. ಮೇಣಿ ಹಿಡಿದವನ್ನ ಅಲ್ಲಿ ನಿಲ್ಲಿಸಿ ಮುಖ ತೊಳೀತೀನಿ. ಆಗ ಹೆಸರು ತಾನೇ ಬರ್ತದೆ."

ಹಗ್ಗ ಹಿಡಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಥರ್ಜಾ ಯಾರನ್ನೂ ನೋಡಲಿಲ್ಲ. ಮಗನ ಮೊಣಕೈಗಳನ್ನು ನೋಡುತ್ತಿದ್ದಳು. ಕೆಳಗೆ ಹೋಗಬೇಕು ಅವು. ಅಪ್ಪನ ಹಾಗೆ ಹೊಟ್ಟೆ ಮೇಣಿಗೆ ತಾಗಬೇಕು. ದೇವರೇ, ತಾಗಲಿ.

ಮೊಣಕೈಗಳು ಮೇಲೇಳತೊಡಗಿ, ಗುಳದ ಮೂತಿ ಹುಲ್ಲಿನ ಕಡೆ ಬಾಗಿತು.

ಅಲ್ಲಿಯವರೆಗೆ ತನ್ನ ಕಾಲು ಹೇಗೆ ಹೋಯಿತೋ ಅವಳಿಗೆ ತಿಳಿಯದು. ಎರಡೂ ಕೈಗಳನ್ನು ಮಗನ ಕೈಗಳ ಮೇಲಿಟ್ಟಿದ್ದಳು.

"ಆಚೆ ಸರಿ," ಎಂದಳು.

"ಅವ್ವಾ, ಹೋಗು."

"ಸರಿ ಅಂದೆ."

"ಒತ್ತೋದಕ್ಕೆ ಬಂದೆಯಾ?" ಮಣ್ಣಿನೊಳಗಿನ ಕಣ್ಣು ಕೆಂಪಾಗಿದ್ದವು. "ಇವತ್ತೂ?"

ಅವಳ ಮೈಯ ನಡುಕ ಕೈಯಿಂದ ಅವನ ಕೈಗೆ, ಕೈಯಿಂದ ಮರಕ್ಕೆ ಇಳಿದು, ಮೇಣಿಗಳೆರಡೂ ಅಲುಗುತ್ತಿದ್ದವು. ಸೈಲಸ್ ಅದನ್ನೇ ನೋಡುತ್ತ ನಿಂತ. ಆಮೇಲೆ ಬೆರಳು ಸಡಿಲಿಸಿ ಹಿಂದಕ್ಕೆ ಸರಿದು, ಉಳಿದ ಕರಿ ಮುಖಗಳ ನಡುವೆ ಸೇರಿಕೊಂಡ.

ಈಗ ಮೇಣಿ ಹಿಡಿದವರಿಗೆ ಮುಖವಿತ್ತು. ತೊಳೆಯಬೇಕಾದ ಅಗತ್ಯವಿರಲಿಲ್ಲ. ಕರಿ ಬಾನೆಟ್ಟಿನ ಕೆಳಗೆ ಮುದುಕಿಯ ಬಿಳಿ ಮುಖ, ಊರಿಗೆಲ್ಲ ಗೊತ್ತಿದ್ದದ್ದು.

"ಎಳೀರಿ," ಎಂದಳು. ದನಿ ಅವಳದೇ ಅನ್ನಿಸಲಿಲ್ಲ.

ಎಳೆದರು. ಥರ್ಜಾ ಹೊಟ್ಟೆಯನ್ನು ಮೇಣಿಗಳ ಮೇಲೆ ಹಾಕಿ, ಇದ್ದ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ಗುಳದ ಮೂತಿ ಎದ್ದಿತು. ನೇಗಿಲು ಹುಲ್ಲಿನ ಮೇಲೆ ಹಿಮದಲ್ಲಿ ಜಾರುವ ಹಲಗೆಯ ಹಾಗೆ ಸರಿಯಿತು. ಎಳೆಯುವವರ ಬೆನ್ನುಗಳು ಹಗುರಾದವು, ಅವರಿಗೆ ತಿಳಿಯಿತು. ಯಾರೋ ಒಬ್ಬ ಮಣ್ಣಿನ ಹಿಂದೆ ಸಣ್ಣಗೆ ನಕ್ಕ. ಇನ್ನೂ ಓಬೆಡನೇ ಹಿಂದೆ ಇದ್ದಾನೆ ಎಂಬ ಹಾಗೆ.

"ನೋಡಿದಿರಾ," ಎಂದು ಕಿಟಕಿಯಿಂದ ಧಣಿಯ ದನಿ ಒಡೆಯಿತು. "ಹೇಗೆ ಒತ್ತುತಾ ಇದಾಳೆ ನೋಡಿ. ಮೈಭಾರವೆಲ್ಲ ಹಾಕಿ. ಗಂಡನ ಥರಾನೇ. ಶನಿವಾರ ಅಲ್ಲ, ಇವತ್ತೇ ಸಾಮಾನು ಬೀದಿಗೆ ಹಾಕಿಸ್ತೀನಿ."

ಅವಳು ತಲೆಯೆತ್ತಿದಳು. ಧಣಿ ಒಂದು ಕೈಯಲ್ಲಿ ಕಿಟಕಿಯ ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಆ ಮುಷ್ಟಿ ಅವಳಿಗೆ ಗೊತ್ತಿತ್ತು. ಅವತ್ತು ಅವಳ ಏಪ್ರನ್ನನ್ನು ಹೀಗೇ ಹಿಡಿದಿತ್ತು. ಅಷ್ಟು ದೊಡ್ಡ ಮನುಷ್ಯ ಮುಖವೆಲ್ಲ ಬಿಳಿಚಿಕೊಂಡು, ಒಬ್ಬ ಮುದುಕಿಯ ಕೈಯನ್ನು ನೋಡುತ್ತಿದ್ದ, ನೆಲವನ್ನು ಒಂದು ಸಲವೂ ನೋಡಲಿಲ್ಲ. ಹುಲ್ಲು ಹಾಗೇ ಇತ್ತು. ನೋಡಿದ್ದರೆ ಕಾಣುತ್ತಿತ್ತು.

ಹೇಳಿಬಿಡಬಹುದು. ಈಗಲೂ ಒಂದು ಮಾತು.

ನೇಗಿಲು ಹೊಸ್ತಿಲಿನತ್ತ ಅರ್ಧ ದಾರಿ ಬಂದಿತ್ತು. ಎಳೆಯುವವರು ನಿಧಾನಿಸಿ ಹಿಂದಿರುಗಿ ನೋಡಿದರು. ಪೋಲೀಸಿನವನು ಹೊಸ್ತಿಲಿನಿಂದ ಇಳಿಯುವುದೋ ಬೇಡವೋ ತಿಳಿಯದೆ ಒಂದು ಕಾಲು ಮುಂದಿಟ್ಟಿದ್ದ. ಥರ್ಜಾಳಿಗೆ ಮೇಣಿಯ ಮರ ಅಂಗೈಯಲ್ಲಿ ತಗ್ಗಾಗಿರುವುದು ತಿಳಿಯಿತು. ಓಬೆಡ್‌ನ ಹೆಬ್ಬೆರಳು ಸವೆಸಿದ ತಗ್ಗು, ಅದರ ಮೇಲ್ಮುಖದಲ್ಲಿ. ಅಡಿಯಲ್ಲಿ ಮರ ಇನ್ನೂ ಒರಟಾಗಿತ್ತು. ಎತ್ತುವುದಕ್ಕೆ ಯಾರೂ ಅಲ್ಲಿ ಹಿಡಿದಿರಲಿಲ್ಲ.

ಅವಳು ಹೊಟ್ಟೆಯನ್ನು ಹಿಂದಕ್ಕೆ ತೆಗೆದಳು. ಬೆರಳುಗಳನ್ನು ಒಂದೊಂದಾಗಿ ಮೇಣಿಯ ಅಡಿಗೆ ತಂದಳು. ಮೊಣಕೈ ಮೇಲೆದ್ದಿತು.

ಹಸಿ ರೊಟ್ಟಿಗೆ ಚಾಕು ಇಳಿದ ಹಾಗೆ ಗುಳ ಇಳಿಯಿತು. ಹಗ್ಗದ ತುದಿಯಲ್ಲಿದ್ದವರು ಒಮ್ಮೆಲೇ ಮುಗ್ಗರಿಸಿ, ಮತ್ತೆ ಕಾಲೂರಿ, ತಲೆ ತಗ್ಗಿಸಿ ಕುದುರೆಗಳಂತೆ ಎಳೆದರು. ಪೋಲೀಸಿನವನು ಬದಿಗೆ ಹಾರಿದ. ಕರಿಮಣ್ಣು ಹಸಿರಿನ ಮೇಲೆ ಮಗುಚಿಕೊಳ್ಳುತ್ತ, ಹೊಳೆಯುತ್ತ ಹೊಸ್ತಿಲವರೆಗೂ ಹೋಯಿತು, ಗುಳ ಕಲ್ಲಿನ ಅಂಚಿಗೆ ಸಿಕ್ಕಿತು, ಕಲ್ಲು ಎದ್ದು ಓರೆಯಾಗಿ ನಿಂತಿತು.

ಯಾರೂ ಜಯಕಾರ ಮಾಡಲಿಲ್ಲ. ಥರ್ಜಾ ಮೇಣಿ ಬಿಡಲಿಲ್ಲ. ಅವಳ ಕರಿ ಲಂಗ ಮೊಣಕಾಲಿನಿಂದ ಕೆಳಗೆ ಗಾಳಿಯಿಲ್ಲದೆ ನಡುಗುತ್ತಿತ್ತು. ಮೇಲೆ ಕಿಟಕಿಯಲ್ಲಿ ಪರದೆಯೊಂದೇ ಇತ್ತು. ಕಾಲುವೆಯ ಕಡೆಯಿಂದ ಒಂದು ಬಿಳಿ ಕಡಲಹಕ್ಕಿ ಬಂದು ಅವಳ ಹಿಂದೆ ಸಾಲಿನಲ್ಲಿ ಇಳಿಯಿತು, ಹುಳ ಹೆಕ್ಕಿ ನುಂಗಿತು, ಕೂಗಿತು. ಆಮೇಲೆ ಉಳಿದವೂ ಬಂದವು, ಯಾವ ಹೊಲದ ಸಾಲಿಗಾದರೂ ಬರುವ ಹಾಗೆ.